ಎದೆಯ ಬಡಿತ ತಪ್ಪಿದರೆ



ಬೆಳಗಾದರೆ ನರೋಣಾದ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಪಟ್, ಪಟ್, ಪಟ್. ಒಂದೇ ಸಮ. ನಮ್ಮ ಹೃದಯವೂ ಹೀಗೇ ಒಂದೇ ಸಮ ಬಡಿಯಬೇಕು. ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಸಲ.

ಕೆಲವರಿಗೆ ಈ ಬಡಿತ ತಪ್ಪುತ್ತದೆ. "ಯವ್ವಾ, ಎದಿ ಡವಡವ ಅಂತದ. ನಾಲ್ಕ ಹೆಜ್ಜಿ ನಡದರ ದಮ್ಮ ಹತ್ತತದ" ಅನ್ನುತ್ತಾರೆ. ವಯಸ್ಸಾಯಿತು ಅಂತ ನಾವು ಸುಮ್ಮನಾಗುತ್ತೇವೆ. ಸುಮ್ಮನಾಗಬಾರದು.

ಏನಿದು ರೋಗ?

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಸಣ್ಣ ವಿದ್ಯುತ್ತು ಹರಿದು ಅವು ಬಡಿಯುತ್ತವೆ. ವಿದ್ಯುತ್ತು ದಾರಿ ತಪ್ಪಿದರೆ ಮೇಲಿನ ಎರಡು ಕೋಣೆಗಳು ಬರೀ ನಡುಗುತ್ತವೆ. ಇದಕ್ಕೆ ಡಾಕ್ಟರು 'ಏಟ್ರಿಯಲ್ ಫಿಬ್ರಿಲೇಶನ್' ಅನ್ನುತ್ತಾರೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ.

ಕೆಲವರ ಹೃದಯ ಸೋತಿರುತ್ತದೆ. ಇದು 'ಹೃದಯ ವೈಫಲ್ಯ'. ಹೃದಯ ನಿಂತಿದೆ ಎಂದಲ್ಲ. ಮೈಗೆ ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಆಗುತ್ತಿಲ್ಲ. ಕಾಲು ಬಾಯುತ್ತವೆ. ಮಲಗಿದರೆ ಉಸಿರು ಕಟ್ಟುತ್ತದೆ. ಎರಡೂ ರೋಗ ಕೂಡಿದರೆ ಒಂದು ಇನ್ನೊಂದನ್ನು ಹೆಚ್ಚು ಮಾಡುತ್ತದೆ.

ನಳಿಕೆಯ ಚಿಕಿತ್ಸೆ

ಮೊದಲು ಗುಳಿಗೆ ಕೊಡುತ್ತಾರೆ. ಗುಳಿಗೆಗೆ ಬಡಿತ ಸರಿಹೋಗದಿದ್ದರೆ ಇನ್ನೊಂದು ದಾರಿ ಇದೆ. ಅದೇ 'ಕ್ಯಾತಿಟರ್ ಅಬ್ಲೇಶನ್'. ಎದೆ ಕೊಯ್ಯುವುದಿಲ್ಲ. ತೊಡೆಸಂದಿನ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ಹೃದಯದವರೆಗೆ ಕಳಿಸುತ್ತಾರೆ. ದಾರಿ ತಪ್ಪಿದ ವಿದ್ಯುತ್ತು ಹುಟ್ಟುವ ಜಾಗದ ಸುತ್ತ ಬಿಸಿಯಿಂದಲೋ ತಂಪಿನಿಂದಲೋ ಸಣ್ಣ ಕಲೆ ಮಾಡುತ್ತಾರೆ. ಹೊಲದ ನೀರಿಗೆ ಒಡ್ಡು ಹಾಕಿದ ಹಾಗೆ.

ಇದರಿಂದ ಲಾಭ ಏನು?

ಎರಡೂ ರೋಗ ಇದ್ದ 363 ಜನರ ಮೇಲೆ ಬೇರೆ ಬೇರೆ ದೇಶಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಫಲಿತಾಂಶ 2018ರಲ್ಲಿ ಬಂತು. ಸುಮಾರು ಮೂರು ವರ್ಷ ಅವರನ್ನು ನೋಡಿಕೊಂಡಿದ್ದರು. ಬರೀ ಔಷಧಿ ಪಡೆದ ನೂರು ಜನರಲ್ಲಿ 25 ಜನ ತೀರಿಕೊಂಡರು. ನಳಿಕೆಯ ಚಿಕಿತ್ಸೆ ಆದ ನೂರು ಜನರಲ್ಲಿ ಸುಮಾರು 13 ಜನ ತೀರಿಕೊಂಡರು. ಮತ್ತೆ ದವಾಖಾನೆ ಸೇರುವುದೂ ಕಡಿಮೆಯಾಯಿತು.

ಆದರೆ ಇದು ಎಲ್ಲರಿಗೂ ಒಗ್ಗುವ ಚಿಕಿತ್ಸೆ ಅಲ್ಲ. ಕೆಲವರಿಗೆ ಬಡಿತ ಮತ್ತೆ ತಪ್ಪುತ್ತದೆ. ಎರಡನೇ ಸಲ ಮಾಡಬೇಕಾಗಬಹುದು. ರಕ್ತಸ್ರಾವ, ಲಕ್ವಾದಂಥ ಅಪಾಯವೂ ಸ್ವಲ್ಪ ಇದೆ. ಚಿಕಿತ್ಸೆ ಆಯಿತು ಅಂತ ಗುಳಿಗೆ ಬಿಡಬಾರದು. ಡಾಕ್ಟರು ಬಿಡು ಅಂದಾಗ ಮಾತ್ರ ಬಿಡಬೇಕು.

ಹೆಣ್ಣುಮಕ್ಕಳು ಇದನ್ನು ನೆನಪಿಡಿ

ಆ ಪರೀಕ್ಷೆಯಲ್ಲಿ ಬಹಳ ಮಂದಿ ಗಂಡಸರೇ ಇದ್ದರು. ನಮ್ಮ ದೇಶದ ಅನೇಕ ಹೆಣ್ಣುಮಕ್ಕಳಿಗೆ ಬಡಿತ ತಪ್ಪಲು ಕಾರಣವೇ ಬೇರೆ. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಜ್ವರ, ಕೀಲು ಬಾವು ಬಂದು ಹೃದಯದ ಕವಾಟ ಕೆಟ್ಟಿರುತ್ತದೆ. ಅಂಥವರಿಗೆ ಮೊದಲು ಕವಾಟದ ಕಡೆ ನೋಡಬೇಕು. ಕವಾಟ ಕಿರಿದಾಗಿದ್ದರೆ ಕೆಲವರಿಗೆ ಬಲೂನಿನಿಂದ ಅಗಲ ಮಾಡುತ್ತಾರೆ. ಅದಕ್ಕೇ "ನನ್ನ ಕವಾಟ ಹೆಂಗದ ಸಾಹೇಬ್ರ?" ಅಂತ ಕೇಳಿ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿ. ಇ.ಸಿ.ಜಿ. ತೆಗೆದರೆ ಬಡಿತ ತಪ್ಪಿದ್ದು ಗೊತ್ತಾಗುತ್ತದೆ. ಹೃದ್ರೋಗಕ್ಕೆ ಹಿಂದೆ ಬೆಂಗಳೂರಿಗೋ ಸೊಲ್ಲಾಪುರಕ್ಕೋ ಹೋಗಬೇಕಿತ್ತು. 2016ರಲ್ಲಿ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಶುರುವಾಯಿತು. 2024ರ ಡಿಸೆಂಬರಿನಲ್ಲಿ ಅದರ 371 ಹಾಸಿಗೆಗಳ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ನಿಮಗೆ ಯಾವ ಚಿಕಿತ್ಸೆ ಬೇಕು, ಅದು ಎಲ್ಲಿ ಸಿಗುತ್ತದೆ, ಖರ್ಚೆಷ್ಟು ಅಂತ ಅಲ್ಲಿ ಕೇಳಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಒಯ್ಯಿರಿ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡ ಮಾಡಬೇಡಿ. ಕೂಡಲೇ 108ಕ್ಕೆ ಫೋನು ಮಾಡಿ.

ಈಗ ಹೀಗೆ ಮಾಡಿ

ಬಲಗೈಯ ಮೂರು ಬೆರಳನ್ನು ಎಡಗೈ ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನ ಮೇಲೆ ಇಡಿ. ಗಡಿಯಾರ ನೋಡುತ್ತಾ ಒಂದು ನಿಮಿಷ ನಾಡಿ ಎಣಿಸಿ. ಪುಸ್ತಕದಲ್ಲಿ ಬರೆಯಿರಿ. ಒಂದೇ ಸಮ ಇದೆಯೇ, ಹೇಗೆಂದರೆ ಹಾಗೆ ಹೊಡೆಯುತ್ತಿದೆಯೇ? ಮನೆಯ ಅತ್ತೆಯ ನಾಡಿಯನ್ನೂ ನೋಡಿ. ತಪ್ಪಿದೆ ಅನಿಸಿದರೆ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ನೀವು ಕಲಿತ ಅಕ್ಷರ, ಲೆಕ್ಕ ಒಂದು ಜೀವ ಉಳಿಸಬಹುದು.