ಫ್ಲಾನೆಲ್ ಬಟ್ಟೆ: ತಯಾರಿಕೆಯ ವಿಧಾನ ಮತ್ತು ಸುರಕ್ಷಿತ ಬಳಕೆ

ಫ್ಲಾನೆಲ್ ಎಂಬುದು ಮೃದುವೂ ಬೆಚ್ಚನೆಯದೂ ಆದ ಬಟ್ಟೆಯಾಗಿರುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರದೇಶದಲ್ಲಿ 16ನೇ ಶತಮಾನದ ವೇಳೆಗಾಗಲೇ ಕುರಿಯ ಉಣ್ಣೆಯಿಂದ ಇದನ್ನು ನೇಯಲಾಗುತ್ತಿತ್ತು. ಪ್ರಸ್ತುತ ಹತ್ತಿಯಿಂದಲೂ ಮಿಶ್ರ ನಾರುಗಳಿಂದಲೂ ಇದು ತಯಾರಾಗುತ್ತದೆ. ಹತ್ತಿಯ ಫ್ಲಾನೆಲ್ಲಿಗೆ ಫ್ಲಾನೆಲೆಟ್ ಎಂಬ ಹೆಸರೂ ಇದೆ.

ತಯಾರಿಕೆಯ ಹಂತಗಳು

1. ನೂಲುವಿಕೆ: ನಾರನ್ನು ಶುಚಿಗೊಳಿಸಿ, ಹಿಂಜಿ, ನೂಲು ತೆಗೆಯಲಾಗುತ್ತದೆ. ಹಾಸಿನ ನೂಲು ಮಗ್ಗದ ಎಳೆತವನ್ನು ತಾಳಬೇಕಾದುದರಿಂದ ಅದಕ್ಕೆ ಹೆಚ್ಚು ಹುರಿ ನೀಡಲಾಗುತ್ತದೆ. ಹೊಕ್ಕಿನ ನೂಲಿಗೆ ಕಡಿಮೆ ಹುರಿ ಸಾಕು. ಸಡಿಲವಾದ ಈ ನೂಲಿನಿಂದಲೇ ಮುಂದೆ ನಾರುಗಳನ್ನು ಹೊರಗೆಳೆಯಬೇಕಾಗಿರುತ್ತದೆ.

2. ನೇಯ್ಗೆ: ಸಾದಾ ನೇಯ್ಗೆ ಅಥವಾ ಓರೆಗೆರೆಗಳು ಕಾಣುವ ಟ್ವಿಲ್ ನೇಯ್ಗೆಯನ್ನು ಅನುಸರಿಸಲಾಗುತ್ತದೆ.

3. ರೋಮ ಎಬ್ಬಿಸುವಿಕೆ: ಸೂಕ್ಷ್ಮ ತಂತಿಮುಳ್ಳುಗಳಿರುವ ರೋಲರುಗಳ ಮೇಲೆ ಬಟ್ಟೆಯನ್ನು ಹಾಯಿಸಿದಾಗ ನಾರಿನ ತುದಿಗಳು ಮೇಲೆದ್ದು ನಿಲ್ಲುತ್ತವೆ. ಹಿಂದೆ ಈ ಕಾರ್ಯಕ್ಕೆ ಟೀಸಲ್ ಎಂಬ ಗಿಡದ ಒಣಗಿದ ಮುಳ್ಳುತಲೆಗಳನ್ನು ಬಳಸುತ್ತಿದ್ದರು. ರೋಮವನ್ನು ಅತಿಯಾಗಿ ಎಬ್ಬಿಸಿದಲ್ಲಿ ಬಟ್ಟೆಯ ಬಲ ಕುಗ್ಗುತ್ತದೆ. ಉಣ್ಣೆಯ ಬಟ್ಟೆಯನ್ನು ಸಾಬೂನು ನೀರಿನಲ್ಲಿ ಒತ್ತಿ ಕುಗ್ಗಿಸಿ ದಟ್ಟಗೊಳಿಸುವ ಕ್ರಮವೂ ಉಂಟು.

ಬೆಚ್ಚಗಿರಲು ಕಾರಣ

ಮೇಲೆದ್ದ ನಾರುಗಳ ನಡುವೆ ಗಾಳಿ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಉಷ್ಣವು ಸುಲಭವಾಗಿ ಹಾಯದ ಕಾರಣ ದೇಹದ ಶಾಖ ಉಳಿಯುತ್ತದೆ.

ಬೆಂಕಿಯ ಬಗ್ಗೆ ಎಚ್ಚರಿಕೆ

ಇದೇ ಗಾಳಿ ಬೆಂಕಿಗೂ ನೆರವಾಗುತ್ತದೆ. ಹತ್ತಿಯ ರೋಮಕ್ಕೆ ಕಿಡಿ ತಗುಲಿದಲ್ಲಿ ಜ್ವಾಲೆಯು ಕ್ಷಣಮಾತ್ರದಲ್ಲಿ ಬಟ್ಟೆಯ ಮೇಲೆಲ್ಲ ಹರಡಬಲ್ಲದು. ಉಣ್ಣೆಯು ಹತ್ತಿಯಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದುದರಿಂದ ಅಗ್ಗದ ಹತ್ತಿ ಫ್ಲಾನೆಲ್ ಬಳಕೆಗೆ ಬಂದ ಮೇಲೆ ಅಪಾಯ ಹೆಚ್ಚಿತು. ಸುಲಭವಾಗಿ ಉರಿಯುವ ಬಟ್ಟೆಯನ್ನು ಬೆಂಕಿ ನಿರೋಧಕವೆಂದು ಹೇಳಿ ಮಾರುವುದನ್ನು ತಡೆಯಲು ಬ್ರಿಟನ್ನಿನಲ್ಲಿ 1913ರಲ್ಲಿ ಕಾಯಿದೆಯನ್ನೇ ತರಲಾಯಿತು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಖರೀದಿಸುವಾಗ ಚೀಟಿಯಲ್ಲಿ ನಮೂದಿಸಿರುವ ನಾರಿನ ವಿವರವನ್ನು ಓದತಕ್ಕದ್ದು. ಕೈಗೆ ಮೃದುವಾಗಿರುವುದೆಲ್ಲ ಉಣ್ಣೆಯಲ್ಲ.
• ಮಕ್ಕಳಿಗೆ ಸಡಿಲವಾದ, ಜೋಲುವ ಫ್ಲಾನೆಲ್ ಉಡುಪು ತೊಡಿಸಿದಾಗ ಒಲೆ, ದೀಪ, ಪಟಾಕಿಗಳಿಂದ ದೂರವಿರಿಸಬೇಕು. ಚಳಿಗಾಲದಲ್ಲಿ ಬಚ್ಚಲೊಲೆಯ ಮುಂದೆ ಮೈ ಕಾಯಿಸಿಕೊಳ್ಳಲು ಅವರನ್ನು ಒಂಟಿಯಾಗಿ ಬಿಡಬಾರದು.
• ಉಡುಪಿಗೆ ಬೆಂಕಿ ತಗುಲಿದಲ್ಲಿ ಓಡಬಾರದು. ಓಡಿದಷ್ಟೂ ಜ್ವಾಲೆ ಹೆಚ್ಚುತ್ತದೆ. ತಕ್ಷಣ ನೆಲದ ಮೇಲೆ ಮಲಗಿ ಉರುಳಬೇಕು. ಸುಟ್ಟ ಭಾಗದ ಮೇಲೆ ತಣ್ಣನೆಯ ಶುದ್ಧ ನೀರನ್ನು ಹರಿಸಿ, ವಿಳಂಬ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.