ಒಂದು ಹನಿ ರಕ್ತದ ಲೆಕ್ಕ



ಬ್ಯಾಲಂಟೈನ್‌ನಿಂದ ಊರಿಗೆ ಹೊರಡುವ ನಮ್ಮ ಸೂಟ್‌ಕೇಸುಗಳಲ್ಲಿ ಅಪ್ಪ-ಅಮ್ಮನಿಗೆಂದು ಒಂದು ಗ್ಲುಕೋಮೀಟರ್ ಇದ್ದೇ ಇರುತ್ತದೆ. ಕಳೆದ ಸಲ ಅಮ್ಮ ಕೇಳಿದರು: "ಸಕ್ಕರೆ ಹೇಳತ್ತಲ್ಲ, ಹಾಗೇ ಯಾವ ಜ್ವರ ಅಂತ ಹೇಳೋ ಮಷೀನು ಅಲ್ಲಿ ಸಿಗಲ್ವೇನೋ?" ನಾನು ಚಾರ್ಟರ್ಡ್ ಅಕೌಂಟೆಂಟ್, ವೈದ್ಯನಲ್ಲ. ಆದರೆ ಹುಡುಕುತ್ತಾ ಹೋದಾಗ ಇದೂ ಲೆಕ್ಕದ ಪ್ರಶ್ನೆಯೇ ಎನ್ನಿಸಿತು.

ಗ್ಲುಕೋಮೀಟರ್ ಪಟ್ಟಿಯಲ್ಲಿ ಒಂದು ಕಿಣ್ವವಿದೆ. ಅದು ಗ್ಲೂಕೋಸ್‌ನಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ, ಅವು ಹರಿದು ಸಣ್ಣ ಕರೆಂಟ್ ಆಗುತ್ತವೆ. ಸಕ್ಕರೆ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು. ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲೇ ಈ ದಾರಿ ತೋರಿಸಿದ್ದರು. ರೋಗಾಣು ಹಿಡಿಯಬೇಕೆಂದರೆ ಕಿಣ್ವದ ಜಾಗದಲ್ಲಿ ಆ ರೋಗಾಣುವಿಗೇ ಅಂಟುವ ಪ್ರತಿಕಾಯವನ್ನೋ ಡಿಎನ್‌ಎ ತುಣುಕನ್ನೋ ಕೂರಿಸುತ್ತಾರೆ. ಅದು ಸಿಕ್ಕಿಕೊಂಡರೆ ಕರೆಂಟ್ ಬದಲಾಗುತ್ತದೆ.

ಮತ್ತೆ ತೊಡಕೇನು? ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಂ ಗ್ಲೂಕೋಸ್, ಅಂದರೆ ಎಣಿಸಲಾಗದಷ್ಟು ಅಣುಗಳು. ರಕ್ತಕ್ಕೇ ಸೋಂಕು ತಗಲಿದ ವಯಸ್ಕರಲ್ಲಿ ಅದೇ ಒಂದು ಮಿಲಿಲೀಟರಿಗೆ ಹತ್ತು ಬ್ಯಾಕ್ಟೀರಿಯಾ ಕೂಡ ಇಲ್ಲದಿರುವುದುಂಟು. ಪಟ್ಟಿ ಹೀರುವುದು ಮಿಲಿಲೀಟರಿನ ಸಾವಿರದ ಒಂದು ಪಾಲಿನ ಆಸುಪಾಸು. ಆಡಿಟ್‌ಗೆ ತೆಗೆದ ಸ್ಯಾಂಪಲ್ಲಿನಲ್ಲಿ ಆ ವೋಚರೇ ಇಲ್ಲದಿದ್ದರೆ ಎಂಥ ಆಡಿಟರಿಗೂ ಅದು ಸಿಕ್ಕುವುದಿಲ್ಲ! ಅದಕ್ಕೇ ಲ್ಯಾಬಿನವರು ಬಾಟಲಿಗೆ ಹತ್ತು ಮಿಲಿಲೀಟರಿನಷ್ಟು ರಕ್ತ ತೆಗೆದು, ರೋಗಾಣು ಬೆಳೆಯಲಿ ಎಂದು ದಿನಗಟ್ಟಲೆ ಕಾಯುವುದು. ಮೂತ್ರದ ಸೋಂಕು ಇದಕ್ಕಿಂತ ಸುಲಭ. ಅಲ್ಲಿ ಲ್ಯಾಬುಗಳು ಬಹುಕಾಲದಿಂದ ಇಟ್ಟುಕೊಂಡಿರುವ ಗಡಿಯೇ ಮಿಲಿಲೀಟರಿಗೆ 1,00,000.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ನವಕಾಂತ ಭಟ್ ಮತ್ತು ಸಂಗಡಿಗರು ಕಟ್ಟಿದ ಪಾಥ್‌ಶೋಧ್ ಕಂಪನಿ ಬೇರೆ ದಾರಿ ಹಿಡಿಯಿತು. 2021ರಲ್ಲಿ ಅನುಮತಿ ಪಡೆದ ಅವರ ಕೋವಿಡ್ ಪರೀಕ್ಷೆ ವೈರಸ್ಸನ್ನು ಹುಡುಕುವುದಿಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಐಜಿಎಂ, ಐಜಿಜಿ ಪ್ರತಿಕಾಯಗಳನ್ನು ಕರೆಂಟಿನಿಂದ ಅಳೆಯುತ್ತದೆ. ಜಾಣತನದ ಕೆಲಸ, ನಮ್ಮವರದೆಂದು ಹೆಮ್ಮೆಯೂ ಇದೆ. ಆದರೆ ಪ್ರತಿಕಾಯ ಮೂಡಲು ದಿನಗಳು ಬೇಕು. ಜ್ವರದ ಎರಡನೇ ದಿನ ಇಂಥ ಪರೀಕ್ಷೆ "ಇಲ್ಲ" ಎಂದರೆ ಸೋಂಕಿಲ್ಲ ಎಂದಲ್ಲ, ಪ್ರತಿಕಾಯ ಇನ್ನೂ ಬಂದಿಲ್ಲ ಎಂದಷ್ಟೇ. ಡೆಂಗಿಗೆ ವೈದ್ಯರು ಮೊದಲ ದಿನಗಳಲ್ಲಿ ಎನ್‌ಎಸ್1, ಐದಾರು ದಿನದ ಮೇಲೆ ಐಜಿಎಂ ಬರೆಯುವುದೂ ಇದೇ ಲೆಕ್ಕದಿಂದ.

ಹಾಗಾಗಿ ಇಲ್ಲಿಂದ ಯಾವುದೇ ಕಿಟ್ ಒಯ್ಯುವ ಮುನ್ನ ಡಬ್ಬಿ ತಿರುಗಿಸಿ ನೋಡಿ: ಹುಡುಕುವುದು ರೋಗಾಣುವನ್ನೋ, ಪ್ರತಿಕಾಯವನ್ನೋ? ಜ್ವರದ ಎಷ್ಟನೇ ದಿನಕ್ಕೆ? ಅಮ್ಮನಿಗೆ ನಾನು ಹೇಳಿದ್ದಿಷ್ಟು: "ಮಷೀನು ಕಾಯ್ಬೇಡಮ್ಮ. ಜ್ವರ ಬಿಡದಿದ್ರೆ ಡಾಕ್ಟರ ಹತ್ರ ಹೋಗಿ, ಲ್ಯಾಬಿಗೆ ರಕ್ತ ಕೊಡು."