ಕುಸನೂರಿನ ಪ್ರಶ್ನೆ: ಸುಸ್ಥಿರ ಅಭಿವೃದ್ಧಿ ಮತ್ತು ಸಾಮೂಹಿಕ ಭೂಮಿ

ಪರಿಸರದ ರಕ್ಷಣೆ ಹಾಗೂ ಮಾನವ ಕ್ಷೇಮಗಳೆರಡನ್ನೂ ಒಂದೇ ಪರಿಕಲ್ಪನೆಯಲ್ಲಿ ಸಮನ್ವಯಗೊಳಿಸುವ ಯತ್ನ ಜಾಗತಿಕ ನೀತಿಯಲ್ಲಿ ಖಚಿತ ರೂಪ ತಳೆದದ್ದು 1987ರಲ್ಲಿ. ಗ್ರೋ ಹಾರ್ಲೆಮ್ ಬ್ರುಂಟ್‌ಲಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು, ಮುಂದಿನ ಪೀಳಿಗೆಗಳ ಅಗತ್ಯಗಳಿಗೆ ಕುಂದು ತಾರದೆ ಇಂದಿನ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿಯೆಂದು ನಿರೂಪಿಸಿತು. ಅದೇ ವರ್ಷ ಅವಿಭಜಿತ ಧಾರವಾಡ ಜಿಲ್ಲೆಯ, ಈಗ ಹಾವೇರಿ ಜಿಲ್ಲೆಗೆ ಸೇರಿದ, ಕುಸನೂರಿನಲ್ಲಿ ಹಳ್ಳಿಗರು ಈ ವ್ಯಾಖ್ಯೆಯೊಳಗೆ ಅಡಗಿದ್ದ ಪ್ರಶ್ನೆಯೊಂದನ್ನು ಎತ್ತಿದರು: ಯಾರ ಅಗತ್ಯ? ಈ ಪ್ರಶ್ನೆಯ ಹಿನ್ನೆಲೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1984ರಲ್ಲಿ ಕರ್ನಾಟಕ ಸರ್ಕಾರ ಹಾಗೂ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿ ಮುಂತಾದ ಮರಗಳನ್ನು ಬೆಳೆಸಿ, ಕಾರ್ಖಾನೆಯ ತಿರುಳಿಗೆ ಕಚ್ಚಾವಸ್ತು ಒದಗಿಸುವುದು ಅದರ ಗುರಿ. ಕಡತಗಳಲ್ಲಿ ಈ ಭೂಮಿ ಸವಕಳಿಯಾದ ನೆಲ. ಸುತ್ತಲಿನ ಹಳ್ಳಿಗಳಿಗಾದರೋ ಅದು ದನಕರುಗಳಿಗೆ ಮೇವನ್ನೂ ಒಲೆಗೆ ಕಟ್ಟಿಗೆಯನ್ನೂ ನೀಡುವ ಆಸರೆಯಾಗಿತ್ತು. ಸ್ವಂತ ಹೊಲವಿಲ್ಲದ ಕುಟುಂಬಗಳಿಗೆ ಅದಕ್ಕೆ ಪರ್ಯಾಯವೇ ವಿರಳ. ನೀಲಗಿರಿಯ ಎಲೆಯನ್ನು ದನ ಮೇಯದು. ಅದರ ಕಾಂಡ ಕಾರ್ಖಾನೆಗೆ ಮೀಸಲು.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್.ಆರ್. ಹಿರೇಮಠ ಅವರ ಮುಂದಾಳ್ತನದಲ್ಲಿ ಇದನ್ನು ವಿರೋಧಿಸಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1987ರ ಮಾರ್ಚ್‌ನಲ್ಲಿ ಮತ್ತಷ್ಟು ಭೂಮಿಯ ಹಸ್ತಾಂತರಕ್ಕೆ ತಡೆ ನೀಡಿತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟು ಬಂಧನಕ್ಕೊಳಗಾದರು. 1991ರಲ್ಲಿ ಜಂಟಿ ಸಂಸ್ಥೆ ಮುಚ್ಚಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಇದು ಮರ ನೆಡುವುದರ ವಿರುದ್ಧದ ಚಳವಳಿಯಲ್ಲ. ಕೀಳುವುದರ ಜೊತೆಗೇ ಹಚ್ಚುವುದೂ ಇತ್ತೆಂಬುದೇ ಇದಕ್ಕೆ ಸಾಕ್ಷಿ. ಎರಡನೆಯದಾಗಿ, ಯೋಜನೆಯ ಸಮರ್ಥಕರ ವಾದವನ್ನು ಸಂಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಅನೇಕ ಕಡೆ ಸಾಮೂಹಿಕ ಭೂಮಿಯ ಸ್ಥಿತಿ ಕೆಟ್ಟಿದ್ದುದು ನಿಜ. ಕಾರ್ಖಾನೆ ಹಲವರಿಗೆ ಉದ್ಯೋಗ ನೀಡಿದ್ದೂ ನಿಜ. ಆದರೆ ಕೆಟ್ಟ ನೆಲವನ್ನು ಸುಧಾರಿಸುವ ಹೆಸರಿನಲ್ಲಿ ಅದರ ಬಳಕೆಯ ಹಕ್ಕನ್ನು ಬಡವರಿಂದ ಕಸಿದರೆ, ಹಸಿರು ಹೆಚ್ಚಿದರೂ ಕ್ಷೇಮ ಕುಗ್ಗುತ್ತದೆ. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕೈಗಾರಿಕೆಗಳು ಕಚ್ಚಾವಸ್ತುವನ್ನು ಆದಷ್ಟೂ ಬೆಳೆಗಾರರೊಡನೆ ನೇರ ಸಂಬಂಧದ ಮೂಲಕ ಪಡೆಯಬೇಕೆಂದು ಹೇಳಿದುದನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು.

2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬಡತನ ನಿವಾರಣೆಯೂ ಇದೆ, ಅರಣ್ಯ ಸಂರಕ್ಷಣೆಯೂ ಇದೆ. ಅವೆರಡನ್ನೂ ಬೇರೆಬೇರೆಯಾಗಿ ಅಳೆಯುವುದು ಸುಲಭ. ಅಷ್ಟು ಹೆಕ್ಟೇರ್ ನೆಡುತೋಪು ಒಂದು ಲೆಕ್ಕದಲ್ಲಿ ಸಾಧನೆಯಾಗಿ ದಾಖಲಾಗುತ್ತದೆ. ಅದೇ ನೆಲದಿಂದ ಕಟ್ಟಿಗೆ ತರುತ್ತಿದ್ದ ಹೆಣ್ಣುಮಗಳು ಇನ್ನಷ್ಟು ದೂರ ನಡೆಯಬೇಕಾದುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಯಾವುದೇ ಹಸಿರು ಯೋಜನೆಯ ಮೌಲ್ಯಮಾಪನ, ಆ ಭೂಮಿ ಈವರೆಗೆ ಯಾರಿಗೆ ಏನು ನೀಡುತ್ತಿತ್ತು ಎಂಬುದರಿಂದ ಮೊದಲಾಗಬೇಕು. ಅದನ್ನು ಹೇಳಬೇಕಾದವರು ಆ ಊರಿನವರೇ.